ತೆರೆದ ಸಮಾಧಿಗಳು: ಮತ್ತಾಯನ ಸುವಾರ್ತೆಯ ಒಂದು ತೊಡಕಿನ ಭಾಗ

ಹೊಸ ಒಡಂಬಡಿಕೆಯ ಮೊದಲ ಪುಸ್ತಕವಾದ ಮತ್ತಾಯನ ಸುವಾರ್ತೆಯ 27ನೇ ಅಧ್ಯಾಯದಲ್ಲಿ, ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಸಂಗತಿಯ ಬೆನ್ನಿಗೇ, 51ರಿಂದ 53ರವರೆಗಿನ ಮೂರು ವಚನಗಳು ಬರುತ್ತವೆ. ದೇವಾಲಯದ ಗರ್ಭಸ್ಥಾನವನ್ನು ಮರೆಮಾಡುತ್ತಿದ್ದ ತೆರೆ ಮೇಲಿಂದ ಕೆಳಗಿನವರೆಗೆ ಹರಿಯಿತು, ನೆಲ ನಡುಗಿತು, ಬಂಡೆಗಳು ಸೀಳಿದವು, ಸಮಾಧಿಗಳು ಬಾಯ್ತೆರೆದವು, ಹಿಂದೆಂದೋ ತೀರಿಕೊಂಡಿದ್ದ ಅನೇಕ ಭಕ್ತರ ದೇಹಗಳು ಎದ್ದವು, ಯೇಸುವಿನ ಪುನರುತ್ಥಾನವಾದ ಮೇಲೆ ಅವರು ಹೊರಬಂದು ಯೆರೂಸಲೇಮ್ ಪಟ್ಟಣವನ್ನು ಹೊಕ್ಕು ಹಲವರ ಕಣ್ಣಿಗೆ ಬಿದ್ದರು ಎಂಬುದು ಆ ವಚನಗಳ ತಾತ್ಪರ್ಯ. ಪುನರುತ್ಥಾನ ಎಂದರೆ ಸತ್ತವರು ದೇವರ ಶಕ್ತಿಯಿಂದ ಮತ್ತೆ ಜೀವಂತರಾಗಿ ಏಳುವುದು. ಯೇಸು ಶುಕ್ರವಾರ ಸತ್ತು ಭಾನುವಾರ ಎದ್ದನೆಂಬುದು ಕ್ರೈಸ್ತ ನಂಬಿಕೆಯ ತಳಹದಿ. ಆ ಒಬ್ಬನ ಏಳುವಿಕೆಯ ಕಥೆಗೆ ಮುನ್ನವೇ ಇಷ್ಟೊಂದು ಮಂದಿ ಎದ್ದರೆಂದು ಹೇಳಿ, ಅವರ ಹೆಸರನ್ನಾಗಲಿ ಮುಂದಿನ ಗತಿಯನ್ನಾಗಲಿ ತಿಳಿಸದೆ ಮತ್ತಾಯನು ಮುಂದಕ್ಕೆ ಸಾಗಿಬಿಡುವುದರಿಂದ ಇದು ಬೈಬಲಿನ ಅತ್ಯಂತ ತೊಡಕಿನ ಭಾಗಗಳಲ್ಲೊಂದಾಗಿ ಉಳಿದಿದೆ.

ಈ ತೊಡಕು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಸೀಮೆಯ ಕೇಳುಗರಿಗೂ ಎದುರಾಗುವಂಥದು, ಏಕೆಂದರೆ ಇಲ್ಲಿಗೆ ಬೈಬಲಿನ ಪರಿಚಯ ಇತ್ತೀಚಿನದಲ್ಲ. 18ನೇ ಶತಮಾನದ ಆರಂಭದಲ್ಲಿಯೇ ಪುದುಚೇರಿಯನ್ನು ನೆಲೆಯಾಗಿಸಿಕೊಂಡಿದ್ದ ಫ್ರೆಂಚ್ ಜೆಸ್ವಿಟ್ ಪಾದ್ರಿಗಳು ಚಿಕ್ಕಬಳ್ಳಾಪುರದವರೆಗೂ ಬಂದಿದ್ದರು. ತಮ್ಮ ದೇಶಕ್ಕೆ ಬರೆದ ಪತ್ರಗಳಲ್ಲಿ ಅವರು ಈ ಊರನ್ನು ತೆಲುಗಿನ ಬಳಕೆಯಂತೆ ಚಿನ್ನಬಳ್ಳಾಪುರವೆಂಬ ಹೆಸರಿನಿಂದಲೇ ಕರೆದಿದ್ದಾರೆ. ಆಮೇಲೆ ಬಂದ ಲಂಡನ್ ಮಿಷನ್ ಎಂಬ ಪ್ರಾಟೆಸ್ಟಂಟ್ ಸಂಸ್ಥೆಯ ಸಭೆಗಳು 1908ರಲ್ಲಿ ದಕ್ಷಿಣ ಭಾರತ ಸಂಯುಕ್ತ ಸಭೆಯೊಳಗೆ, 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ, ಅಂದರೆ ಜನ ಸಿ.ಎಸ್.ಐ. ಎಂದು ಕರೆಯುವ ಸಭೆಯೊಳಗೆ ಸೇರಿದವು. ಕಥೋಲಿಕ ದೇವಾಲಯಗಳು ಬೆಂಗಳೂರು ಮಹಾಧರ್ಮಕ್ಷೇತ್ರದ ಆಡಳಿತದಲ್ಲಿವೆ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮುಂದಾಗಿ ನಿಂತು ನಡೆಸಿದ ಅನುವಾದದ ಫಲವಾಗಿ ಇಡೀ ಬೈಬಲ್ 1831ರ ವೇಳೆಗೆ ಕನ್ನಡದಲ್ಲಿ ಓದಲು ದೊರೆಯಿತು. ಈಗ ಕಥೋಲಿಕ ಆರಾಧನೆಯ ಮೂರು ವರ್ಷಗಳ ಪಾಠಕ್ರಮದಲ್ಲಿ ಮತ್ತಾಯನ ಪಾಡುಗಳ ಕಥನವು, ಅಂದರೆ ಯೇಸುವಿನ ಬಂಧನದಿಂದ ಸಮಾಧಿಯವರೆಗಿನ ವೃತ್ತಾಂತವು, ಪ್ರತಿ ಮೂರನೆಯ ವರ್ಷದ ಗರಿಗಳ ಭಾನುವಾರ, ಅಂದರೆ ಈಸ್ಟರಿಗೆ ಹಿಂದಿನ ಭಾನುವಾರ, ಓದಲ್ಪಡುತ್ತದೆ. 2023ರಲ್ಲಿ ಅದರ ಸರದಿಯಿತ್ತು, 2026ರದೂ ಅದೇ ಸರದಿ. ಆ ದೀರ್ಘ ಪಾಠದ ನಡುವೆ ಈ ಮೂರು ವಚನಗಳು ಕೇಳುಗರ ಕಿವಿಗೆ ಬಿದ್ದು, ಯಾವ ವಿವರಣೆಯೂ ಇಲ್ಲದೆ ಹಾದುಹೋಗುತ್ತವೆ. ವಿವರಣೆ ಕೇಳುವ ಹಕ್ಕು ಆ ಕೇಳುಗರಿಗಿದೆ. ಕೇಳಿದವರ ನಂಬಿಕೆಯನ್ನು ಶಂಕಿಸುವುದು ಸಲ್ಲದು.

ತೊಡಕುಗಳನ್ನು ಮೊದಲು ನೇರವಾಗಿ ನೋಡಬೇಕು. ದೇವಾಲಯದ ತೆರೆ ಹರಿದದ್ದನ್ನು ಉಳಿದ ಮೂರು ಸುವಾರ್ತೆಗಳ ಪೈಕಿ ಮಾರ್ಕನೂ ಲೂಕನೂ ಹೇಳುತ್ತಾರಾದರೂ ಸಮಾಧಿಗಳು ತೆರೆದ ಸುದ್ದಿ ಮತ್ತಾಯನಲ್ಲಿ ಮಾತ್ರ ಇದೆ. ಯೋಹಾನನಲ್ಲಂತೂ ತೆರೆಯ ಮಾತೂ ಇಲ್ಲ. ರೋಮನ್ನರ ಮೇಲೆ ಯೆಹೂದ್ಯರು ಹೂಡಿದ ಯುದ್ಧದ ಚರಿತ್ರೆಯನ್ನು ಬರೆದ ಜೋಸೆಫಸ್, ಕ್ರಿ.ಶ. 70ರಲ್ಲಿ ದೇವಾಲಯ ನಾಶವಾಗುವ ಮುನ್ನ ಕಂಡ ಶಕುನಗಳನ್ನು, ದೇವಾಲಯದ ಪೂರ್ವದ ಮಹಾದ್ವಾರ ರಾತ್ರಿಯಲ್ಲಿ ತಾನಾಗಿ ತೆರೆದುಕೊಂಡದ್ದನ್ನು, ಮೋಡಗಳ ನಡುವೆ ರಥಗಳು ಕಂಡದ್ದನ್ನು ಆಸಕ್ತಿಯಿಂದ ದಾಖಲಿಸಿದ್ದಾನೆ. ಸತ್ತವರು ಪಟ್ಟಣದೊಳಗೆ ಕಾಣಿಸಿಕೊಂಡ ಸಂಗತಿ ಅವನಲ್ಲಿ ಇಲ್ಲ. ಇದಕ್ಕಿಂತ ಗಂಭೀರವಾದ ಪ್ರಶ್ನೆ ಬೈಬಲಿನ ಒಳಗೇ ಏಳುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಯೇಸುವನ್ನು ಸತ್ತವರೊಳಗಿಂದ ಎದ್ದವರ ಪ್ರಥಮ ಫಲವೆಂದು ಕರೆಯುತ್ತಾನೆ. ಸುಗ್ಗಿಯಲ್ಲಿ ಮೊದಲು ಕೊಯ್ದ ತೆನೆಯನ್ನು ದೇವರಿಗೆ ಒಪ್ಪಿಸಿದ ಮೇಲೆಯೇ ಉಳಿದ ಬೆಳೆ ಮನೆಗೆ ಬರಬೇಕೆಂಬ ಯೆಹೂದ್ಯ ಪದ್ಧತಿಯನ್ನು ನೆನೆದು ಆಡಿದ ಮಾತು ಅದು. ಶುಕ್ರವಾರವೇ ಭಕ್ತರು ಎದ್ದಿದ್ದರೆ ಭಾನುವಾರ ಎದ್ದ ಯೇಸು ಮೊದಲಿಗನಾಗುವುದು ಹೇಗೆ?

ಈ ಕಡೆಯ ಪ್ರಶ್ನೆಗೆ ಉತ್ತರವೆಂಬಂತೆ 53ನೇ ವಚನದಲ್ಲಿ ಒಂದು ಪದಪುಂಜವಿದೆ: ಅವನು ಎದ್ದ ಮೇಲೆ ಎಂಬುದು. ಸಮಾಧಿಗಳು ತೆರೆದದ್ದು ಶುಕ್ರವಾರ, ಭಕ್ತರು ಹೊರಬಂದದ್ದು ಭಾನುವಾರದ ತರುವಾಯ ಎಂದು ಈ ಮಾತು ವಿಂಗಡಿಸುತ್ತದೆ. ಆದರೆ ಇದರಿಂದ ಇನ್ನೊಂದು ಬಿಕ್ಕಟ್ಟು ಹುಟ್ಟುತ್ತದೆ, ಏಕೆಂದರೆ ಎದ್ದವರು ಮೂರನೆಯ ದಿನದವರೆಗೆ ತೆರೆದ ಸಮಾಧಿಗಳೊಳಗೇ ಕಾದಿದ್ದರೆಂದು ಹೇಳಬೇಕಾಗುತ್ತದೆ. ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳು ಇರುತ್ತಿರಲಿಲ್ಲವಾದ್ದರಿಂದ ಈ ಪದಪುಂಜವನ್ನು ಯಾವ ಕ್ರಿಯೆಯ ಜೊತೆ ಹೊಂದಿಸಬೇಕೆಂಬುದು ಓದುವವನ ತೀರ್ಮಾನಕ್ಕೆ ಬಿಟ್ಟದ್ದಾಗಿತ್ತು. ಸಮಾಧಿ ತೆರೆದದ್ದರೊಂದಿಗೆ ಶುಕ್ರವಾರದ ಮಾತು ಮುಗಿಯಿತು, ದೇಹಗಳು ಎದ್ದದ್ದೂ ಹೊರಬಂದದ್ದೂ ಎರಡೂ ಭಾನುವಾರದ ಸಂಗತಿಗಳು ಎಂದು ವಾಕ್ಯವನ್ನು ಒಡೆದು ಓದುವವರಿದ್ದಾರೆ. ಪೌಲನ ಮಾತಿನೊಂದಿಗೆ ಹೊಂದಾಣಿಕೆಯಾಗಲೆಂದು ಈ ಪದಪುಂಜವನ್ನು ಬಹು ಹಿಂದೆಯೇ ಯಾರೋ ಸೇರಿಸಿರಬೇಕೆಂದು ಊಹಿಸುವವರೂ ಇದ್ದಾರೆ. ಹೇಗೇ ಓದಿದರೂ ಒಂದಂತೂ ಸ್ಪಷ್ಟ: ಮುಂದಿನ 54ನೇ ವಚನದಲ್ಲಿ ಶಿಲುಬೆಯನ್ನು ಕಾಯುತ್ತಿದ್ದ ರೋಮನ್ ಶತಾಧಿಪತಿಯೂ, ಅಂದರೆ ನೂರು ಸೈನಿಕರ ಅಧಿಕಾರಿಯೂ, ಅವನ ಸಂಗಡಿಗರೂ ಭೂಕಂಪವನ್ನೂ ನಡೆದದ್ದನ್ನೂ ಕಂಡು ಹೆದರಿ ಇವನು ನಿಜವಾಗಿ ದೇವಕುಮಾರನೆಂದು ಒಪ್ಪಿಕೊಳ್ಳುವಾಗ ಕಥೆ ಮತ್ತೆ ಶುಕ್ರವಾರದ ಮಧ್ಯಾಹ್ನಕ್ಕೇ ಮರಳಿದೆ. ಮತ್ತಾಯನು ಕಾಲದ ನೇರ ಗೆರೆಯನ್ನು ಬೇಕೆಂದೇ ಬಿಟ್ಟು, ಮುಂದಿನದನ್ನು ಹಿಂದಕ್ಕೆ ಎಳೆದುತಂದು ಶಿಲುಬೆಯ ಬುಡದಲ್ಲಿ ಇರಿಸಿದ್ದಾನೆ. ಏಕೆ ಹಾಗೆ ಮಾಡಿದನೆಂಬುದೇ ಈ ಭಾಗದ ಬೀಗದ ಕೈ.

ಅದಕ್ಕಾಗಿ ಮತ್ತಾಯನ ಮೊದಲ ಕೇಳುಗರು ಯಾರೆಂಬುದನ್ನು ನೆನೆಯಬೇಕು. ಹೆಚ್ಚಿನ ವಿದ್ವಾಂಸರು ಈ ಸುವಾರ್ತೆಯನ್ನು ಕ್ರಿ.ಶ. 80ರಿಂದ 90ರ ನಡುವೆ ಇಡುತ್ತಾರೆ. ಅದರ ಕೇಳುಗರಲ್ಲಿ ಬಹುಮಂದಿ ಯೆಹೂದ್ಯ ಧರ್ಮಗ್ರಂಥಗಳನ್ನು ಬಾಲ್ಯದಿಂದ ಕೇಳಿ ಬಲ್ಲವರು. ಅಂಥವರಿಗೆ ಸೀಳಿದ ಬಂಡೆ, ತೆರೆದ ಸಮಾಧಿ, ಬರುವ ಭಕ್ತರು ಎಂಬವು ಹೊಸ ಸುದ್ದಿಯ ತುಣುಕುಗಳಾಗಿ ಕೇಳಿಸುತ್ತಿರಲಿಲ್ಲ. ಬಾಬಿಲೋನಿನಲ್ಲಿ ಸೆರೆಯಾಗಿದ್ದ ಜನರ ನಡುವೆ ಬಾಳಿದ ಪ್ರವಾದಿ ಯೆಹೆಜ್ಕೇಲನ ಗ್ರಂಥದ 37ನೇ ಅಧ್ಯಾಯದಲ್ಲಿ ಒಣಗಿದ ಎಲುಬುಗಳಿಂದ ತುಂಬಿದ ಕಣಿವೆಯ ದರ್ಶನವಿದೆ. ಸದ್ದಾಗಿ ಎಲುಬಿಗೆ ಎಲುಬು ಕೂಡಿ, ನರ ಮಾಂಸ ಚರ್ಮ ಹಬ್ಬಿ, ಉಸಿರು ಹೊಕ್ಕು ಆ ದೇಹಗಳು ಎದ್ದು ನಿಲ್ಲುತ್ತವೆ, ದೇವರು ತನ್ನ ಜನರ ಗೋರಿಗಳನ್ನು ತೆರೆದು ಅವರನ್ನು ಇಸ್ರಾಯೇಲ್ ನಾಡಿಗೆ ಕರೆತರುವೆನೆಂದು ಮಾತುಕೊಡುತ್ತಾನೆ. ಜೆಕರ್ಯನ ಗ್ರಂಥದ 14ನೇ ಅಧ್ಯಾಯದಲ್ಲಿ ಯೆರೂಸಲೇಮಿಗೆ ಎದುರಾಗಿರುವ ಎಣ್ಣೆಮರಗಳ ಗುಡ್ಡ ಎರಡಾಗಿ ಸೀಳುತ್ತದೆ, ದೇವರೊಂದಿಗೆ ಪರಿಶುದ್ಧರೆಲ್ಲರೂ ಬರುತ್ತಾರೆ. ದಾನಿಯೇಲನ 12ನೇ ಅಧ್ಯಾಯವು ಧೂಳಿನಲ್ಲಿ ಮಲಗಿದವರು ಎಚ್ಚರಗೊಳ್ಳುವ ದಿನವನ್ನು ಹೇಳುತ್ತದೆ. ಈ ಮೂವರ ಮಾತುಗಳನ್ನು ಒಟ್ಟಿಗೆ ಇಟ್ಟುಕೊಂಡು ಮತ್ತಾಯನ ವಚನಗಳನ್ನು ಓದಿದಾಗ ಅಲ್ಲಿನ ಹೆಚ್ಚಿನ ವಿವರಗಳಿಗೆ ಮೂಲ ಸಿಗುತ್ತದೆ. ಲೋಕದ ಕೊನೆಯ ದಿನಕ್ಕೆಂದು ಪ್ರವಾದಿಗಳು ಕಾದಿರಿಸಿದ್ದು ಈ ಒಂದು ಸಾವಿನ ಗಳಿಗೆಯಲ್ಲಿ ಆರಂಭವಾಗಿಬಿಟ್ಟಿತು ಎಂದು ಅವನು ಸಾರುತ್ತಿದ್ದಾನೆ.

ಯೆಹೆಜ್ಕೇಲನ ಈ ದರ್ಶನವನ್ನು ಪ್ರಾಚೀನ ಯೆಹೂದ್ಯರು ಹೇಗೆ ಕಣ್ಣಮುಂದೆ ತಂದುಕೊಳ್ಳುತ್ತಿದ್ದರೆಂಬುದಕ್ಕೆ ಒಂದು ಅಪೂರ್ವ ಸಾಕ್ಷ್ಯ ಉಳಿದಿದೆ. ಸಿರಿಯಾದಲ್ಲಿ ಯೂಫ್ರಟಿಸ್ ನದಿಯ ದಂಡೆಯ ದೂರಾ ಯೂರೋಪಸ್ ಎಂಬ ಹಾಳೂರಿನಲ್ಲಿ 1932ರಲ್ಲಿ ಅಗೆದು ತೆಗೆದ ಯೆಹೂದ್ಯ ಸಭಾಮಂದಿರದ ಗೋಡೆಗಳ ಮೇಲೆ, ಕ್ರಿ.ಶ. 245ರ ಸುಮಾರಿಗೆ ಬಿಡಿಸಿದ ಬಣ್ಣದ ಚಿತ್ರಗಳಿವೆ. ಅವುಗಳಲ್ಲೊಂದು ಯೆಹೆಜ್ಕೇಲನ ಕಣಿವೆ. ಅದರಲ್ಲಿ ಪ್ರವಾದಿಯ ಆಕೃತಿ ಒಂದೇ ಪಟ್ಟಿಯೊಳಗೆ ಹಲವು ಬಾರಿ ಬರುತ್ತದೆ, ಬೆಟ್ಟ ನಡುವೆ ಸೀಳಿದೆ, ಕಟ್ಟಡವೊಂದು ಕಂಪನಕ್ಕೆ ಸಿಕ್ಕಂತೆ ಉರುಳಿಬಿದ್ದಿದೆ, ದೇಹದ ಭಾಗಗಳು ಚದುರಿವೆ, ಮೇಲಿನಿಂದ ದೇವರ ಕೈ ಇಳಿದಿದೆ. ಯೆಹೆಜ್ಕೇಲನ ಪಠ್ಯದಲ್ಲಿ ಬೆಟ್ಟ ಸೀಳಿದ ಮಾತು ಇಲ್ಲ. ಭೂಕಂಪ, ಸೀಳು, ಮೃತರ ಏಳುವಿಕೆ ಈ ಮೂರೂ ಒಂದೇ ಚಿತ್ರವಾಗಿ ಯೆಹೂದ್ಯರ ಕಲ್ಪನೆಯಲ್ಲಿ ಕೂಡಿಕೊಂಡಿದ್ದವೆಂಬುದನ್ನು ಈ ಗೋಡೆ ತೋರಿಸುತ್ತದೆ, ಮತ್ತಾಯನ ವಚನಗಳಲ್ಲೂ ಅವು ಅದೇ ರೀತಿ ಜೊತೆಯಾಗಿವೆ.

ಇಷ್ಟಾದರೂ ಇದನ್ನು ಬರಿಯ ಗ್ರಂಥದ ನೆನಪೆಂದು ತಳ್ಳಿಬಿಡುವಂತಿಲ್ಲ, ಏಕೆಂದರೆ ಯೆರೂಸಲೇಮಿನ ಸುತ್ತಲಿನ ನೆಲವೇ ಸಮಾಧಿಗಳ ನೆಲ. ಸುಣ್ಣಕಲ್ಲಿನ ಗುಡ್ಡಗಳನ್ನು ಕೊರೆದು ಕೋಣೆಗಳನ್ನು ಮಾಡಿ, ಬಾಗಿಲಿಗೆ ಕಲ್ಲನ್ನು ಅಡ್ಡವಿಟ್ಟು, ಒಳಗೆ ಮಲಗಿಸಿದ ದೇಹ ಕರಗಿದ ಮೇಲೆ ಎಲುಬುಗಳನ್ನು ಆಯ್ದು ಚಿಕ್ಕ ಕಲ್ಲಿನ ಪೆಟ್ಟಿಗೆಗಳಲ್ಲಿ ತುಂಬಿಡುವುದು ಆ ಕಾಲದ ಯೆರೂಸಲೇಮಿನ ಅನುಕೂಲಸ್ಥ ಮನೆತನಗಳ ವಾಡಿಕೆಯಾಗಿತ್ತು. ಯೇಸುವನ್ನು ವಿಚಾರಣೆ ಮಾಡಿದ ಮಹಾಯಾಜಕನ ಹೆಸರಾದ ಕಾಯಫನೆಂಬುದನ್ನು ಕೊರೆದಿರುವ ಅಂಥದೊಂದು ಪೆಟ್ಟಿಗೆ 1990ರಲ್ಲಿ ಯೆರೂಸಲೇಮಿನಲ್ಲಿ ಸಿಕ್ಕಿತು. ಇದೇ ಸುವಾರ್ತೆಯ 23ನೇ ಅಧ್ಯಾಯದಲ್ಲಿ, ಪೂರ್ವಿಕರು ಕೊಂದ ಪ್ರವಾದಿಗಳಿಗೆ ನೀವು ಸಮಾಧಿ ಕಟ್ಟಿ ಅಲಂಕರಿಸುತ್ತೀರೆಂದು ಯೇಸು ಯೆರೂಸಲೇಮಿನ ಧರ್ಮಪಂಡಿತರನ್ನು ಗದರುತ್ತಾನೆ. ಹಾಗಾಗಿ 27ನೇ ಅಧ್ಯಾಯದಲ್ಲಿ ತೆರೆದುಕೊಳ್ಳುವ ಸಮಾಧಿಗಳು ಕೇಳುಗರು ಆಗಲೇ ಬಲ್ಲ ಸಮಾಧಿಗಳೇ: ಪಟ್ಟಣ ತಾನು ಕೊಂದವರನ್ನು ಹೊರಗೆ ಹೂಳಿ ಗೌರವಿಸಿತ್ತು, ಅವರೇ ಈಗ ಪಟ್ಟಣದ ಒಳಕ್ಕೆ ಬರುತ್ತಿದ್ದಾರೆ. ಹೊರಬಂದವರಿಗೆ ಹೆಸರಿಲ್ಲವೆಂಬ ದೂರಿಗೆ ಈ ಎರಡು ಅಧ್ಯಾಯಗಳನ್ನು ಕೂಡಿಸಿ ಓದುವುದರಲ್ಲಿ ಬಹುಪಾಲು ಉತ್ತರವಿದೆ.

ಭೂಕಂಪದ ವಿಷಯದಲ್ಲಿ ಭೂವಿಜ್ಞಾನಿಗಳೂ ಕೈಹಾಕಿದ್ದಾರೆ. ಜೆಫರ್ಸನ್ ವಿಲಿಯಮ್ಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೃತ ಸಮುದ್ರದ ದಂಡೆಯ ಕೆಸರಿನ ಪದರಗಳನ್ನು ಪರೀಕ್ಷಿಸಿ, ಕ್ರಿ.ಶ. 26ರಿಂದ 36ರ ನಡುವೆ ಆ ಪ್ರದೇಶದಲ್ಲಿ ಒಂದು ಕಂಪನವಾಗಿತ್ತೆಂದು ಹೇಳಿದರು. ಅದು ಸುವಾರ್ತೆ ಹೇಳುವ ಕಂಪನವೇ ಆಗಿರಬಹುದು, ಬೇರೆಯದಾಗಿರಬಹುದು, ಸುವಾರ್ತೆಯದು ಸಾಂಕೇತಿಕ ಮಾತೂ ಆಗಿರಬಹುದು ಎಂದು ಅವರೇ ಮೂರು ದಾರಿಗಳನ್ನು ತೆರೆದಿಟ್ಟಿದ್ದಾರೆ. ಬೈಬಲಿಗೆ ವಿಜ್ಞಾನದ ಮುದ್ರೆ ಬಿತ್ತೆಂದು ಈ ಅಧ್ಯಯನವನ್ನು ಉದಾಹರಿಸುವುದು ಅದನ್ನು ಬರೆದವರ ಎಚ್ಚರಕ್ಕೇ ಅಪಚಾರ.

ಹಳೆಯ ಸಭೆಯ ಗುರುಗಳು ಈ ಭಾಗವನ್ನು ಹೇಗೆ ಓದಿದರೆಂಬುದರಲ್ಲಿ ಏಕಾಭಿಪ್ರಾಯವಿಲ್ಲ. 2ನೇ ಶತಮಾನದ ಆರಂಭದ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್, ಪ್ರವಾದಿಗಳು ಕಾಯುತ್ತಿದ್ದಾತನೇ ಬಂದು ಅವರನ್ನು ಎಬ್ಬಿಸಿದನೆಂದು ತನ್ನ ಪತ್ರವೊಂದರಲ್ಲಿ ಬರೆದಿರುವುದು ಬಹುಶಃ ಇದರ ಮೊದಲ ಪ್ರತಿಧ್ವನಿ. ನಿಕೊದೇಮನ ಸುವಾರ್ತೆಯೆಂಬ, ಬೈಬಲಿಗೆ ಸೇರದ ಪುರಾಣಗ್ರಂಥವೊಂದು ಎದ್ದುಬಂದವರಲ್ಲಿ ಇಬ್ಬರಿಗೆ ಹೆಸರನ್ನೂ ಕೊಟ್ಟು, ಅವರ ಬಾಯಿಂದಲೇ ಯೇಸು ಪಾತಾಳಕ್ಕಿಳಿದು ಅದರ ಬಾಗಿಲುಗಳನ್ನು ಮುರಿದ ಕಥೆಯನ್ನು ಹೇಳಿಸುತ್ತದೆ. ಯೇಸು ಆದಾಮ ಮತ್ತು ಹವ್ವಳ ಮಣಿಕಟ್ಟು ಹಿಡಿದು ಗೋರಿಗಳಿಂದ ಮೇಲೆತ್ತುವ, ಪೂರ್ವದೇಶದ ಸಭೆಗಳ ಪ್ರಸಿದ್ಧ ಪುನರುತ್ಥಾನ ಚಿತ್ರಕ್ಕೂ ಇದೇ ಕಲ್ಪನೆಯ ಹಿನ್ನೆಲೆಯಿದೆ. ಎದ್ದವರು ಮತ್ತೆ ಸತ್ತರೋ ಇಲ್ಲವೋ ಎಂಬ ಪ್ರಶ್ನೆಯನ್ನು ಅತ್ಯಂತ ಪ್ರಾಮಾಣಿಕವಾಗಿ ಎದುರಿಸಿದವನು ಸಭೆಯ ಆಚಾರ್ಯ ಆಗಸ್ಟೀನ್. 5ನೇ ಶತಮಾನದ ಆರಂಭದಲ್ಲಿ ಎವೋಡಿಯಸ್ ಎಂಬ ಬಿಷಪ್ ಗೆಳೆಯನಿಗೆ ಬರೆದ ಪತ್ರದಲ್ಲಿ ಅವನು, ಪೆಂತೆಕೊಸ್ತ್ ಹಬ್ಬದ ದಿನ ಯೇಸುವಿನ ಶಿಷ್ಯ ಪೇತ್ರನು ಅರಸ ದಾವೀದನ ಸಮಾಧಿ ಇಂದಿಗೂ ನಮ್ಮ ನಡುವೆ ಇದೆಯೆಂದು ವಾದಿಸಿದ್ದನ್ನು ನೆನಪಿಸುತ್ತಾನೆ. ಆಗಲೇ ಪೂರ್ವಿಕ ಭಕ್ತರು ಶಾಶ್ವತವಾಗಿ ಎದ್ದುಹೋಗಿದ್ದರೆ ದಾವೀದನನ್ನು ಮಾತ್ರ ಬಿಟ್ಟರೇ, ಪೇತ್ರನ ವಾದ ನಿಲ್ಲುವುದೇ ಎಂಬುದು ಅವನ ಸಂದೇಹ. ಎಂಟು ಶತಮಾನಗಳ ತರುವಾಯ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಎರಡೂ ಪಕ್ಷಗಳನ್ನು ತೂಗಿ ನೋಡಿ ಆಗಸ್ಟೀನನ ತರ್ಕವೇ ಮೇಲೆಂದು ತೀರ್ಮಾನಿಸಿದನು. ಇಷ್ಟು ದೊಡ್ಡ ಆಚಾರ್ಯರು ಬಹಿರಂಗವಾಗಿ ತಡವರಿಸಿದ ಕಡೆಯಲ್ಲಿ ಇಂದಿನ ಬೋಧಕನು ತಡವರಿಸಿದರೆ ಅವಮಾನವೇನಿಲ್ಲ.

ನಮ್ಮ ಕಾಲದ ಚರ್ಚೆ ಮಾತ್ರ ಅಷ್ಟು ಸಮಾಧಾನದ್ದಾಗಿರಲಿಲ್ಲ. ಅಮೆರಿಕದ ವಿದ್ವಾಂಸ ಮೈಕಲ್ ಲಿಕೋನಾ 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಯೇಸುವಿನ ಪುನರುತ್ಥಾನವನ್ನು ಚಾರಿತ್ರಿಕ ಸಂಗತಿಯೆಂದು ಸಮರ್ಥಿಸುತ್ತಲೇ, ಈ ಮೂರು ವಚನಗಳು ಮಹಾಪುರುಷನೊಬ್ಬನ ಸಾವಿನೊಂದಿಗೆ ಪ್ರಕೃತಿಯ ಉತ್ಪಾತಗಳನ್ನು ವರ್ಣಿಸುವ ಆ ಕಾಲದ ಕಾವ್ಯರೀತಿಗೆ ಸೇರಿರಬಹುದೆಂದು ಸೂಚಿಸಿದರು. ಜೂಲಿಯಸ್ ಸೀಸರನ ಕೊಲೆಯಾದಾಗ ಸೂರ್ಯ ಮಂಕಾದುದನ್ನೂ ಆಲ್ಪ್ಸ್ ಪರ್ವತ ನಡುಗಿದುದನ್ನೂ ರೋಮನ್ ಕವಿ ವರ್ಜಿಲ್ ಹಾಡಿದ್ದು ಅಂಥ ರೀತಿಗೆ ಉದಾಹರಣೆ. ಇದಕ್ಕೆ ದೇವಶಾಸ್ತ್ರಜ್ಞ ನಾರ್ಮನ್ ಗೈಸ್ಲರ್ ಮೊದಲಾದವರು, ಬೈಬಲಿನಲ್ಲಿ ತಪ್ಪಿಲ್ಲವೆಂಬ ಸಿದ್ಧಾಂತಕ್ಕೇ ಇದು ಧಕ್ಕೆಯೆಂದು 2011ರಲ್ಲಿ ಬಹಿರಂಗ ಪತ್ರಗಳ ಮೂಲಕ ತೀವ್ರವಾಗಿ ಪ್ರತಿಭಟಿಸಿದರು. ಇಷ್ಟೊಂದು ಕಾವಿಗೆ ಕಾರಣ ಸುಲಭವಾಗಿ ತಿಳಿಯುವಂಥದು: ಈ ಭಕ್ತರ ಏಳುವಿಕೆ ಸಂಕೇತವಾದರೆ, ಮುಂದಿನ ಅಧ್ಯಾಯದಲ್ಲಿ ಯೇಸುವಿನ ಏಳುವಿಕೆಯೂ ಸಂಕೇತವೇ ಆಗಬಾರದೇಕೆ ಎಂಬ ಭಯ.

ಆ ಭಯಕ್ಕೆ ಉತ್ತರ ಹುಡುಕುವಾಗ ಚಿಕ್ಕಬಳ್ಳಾಪುರ ಸೀಮೆಯ ಓದುಗನಿಗೆ ಯೂರೋಪಿನ ಓದುಗನಿಗೆ ಇಲ್ಲದ ಒಂದು ಅನುಕೂಲವಿದೆ. ಈ ನಾಲ್ಕು ತಾಲ್ಲೂಕುಗಳ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ, ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಮಾಲೆಯ ಕೋಲಾರ ಜಿಲ್ಲೆಯ ಸಂಪುಟದಲ್ಲಿ ಕಾಣಬಹುದು, ಏಕೆಂದರೆ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಗಂಗ, ಬಾಣ, ನೊಳಂಬ ಅರಸರು ಪೈಪೋಟಿಯಿಂದ ಕಾದಾಡಿದ ಈ ನೆಲದ ಶಾಸನಗಳಲ್ಲಿ ವೀರಗಲ್ಲುಗಳು, ಅಂದರೆ ಹೋರಾಟದಲ್ಲಿ ಮಡಿದವರ ನೆನಪಿಗೆ ನೆಟ್ಟ ಕಲ್ಲುಗಳು, ಹೇರಳವಾಗಿವೆ. ತುರುಗೊಳ್, ಅಂದರೆ ದನಗಳ ಅಪಹರಣ ನಡೆದಾಗ ಅವನ್ನು ಬಿಡಿಸಿ ತಂದು ಸತ್ತವನ ಕಲ್ಲಿನಲ್ಲಿ ಬಿಲ್ಲೋ ಕತ್ತಿಯೋ ಹಿಡಿದ ವೀರ, ಅವನ ಹಿಂದೆ ದನಗಳ ಸಾಲು, ಮೇಲೆ ಅವನನ್ನು ಕರೆದೊಯ್ಯುವ ಅಪ್ಸರೆಯರು ಕಾಣುತ್ತಾರೆ. ಮೂರು ಪಟ್ಟಿಕೆಗಳ ಕಲ್ಲುಗಳಲ್ಲಾದರೆ ಕೆಳಗೆ ಕಾಳಗ, ನಡುವೆ ಸ್ವರ್ಗಾರೋಹಣ, ಮೇಲೆ ಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅದೇ ವೀರ. ಅದೇ ಕಲ್ಲಿನ ಬರಹದಲ್ಲಿ ಆಳುವ ಅರಸನ ಹೆಸರು, ಸತ್ತವನ ಹೆಸರು, ಅವನ ಮನೆಯವರಿಗೆ ಬಾಳ್ಗಚ್ಚು ಅಥವಾ ಕಲ್ನಾಡು ಎಂಬ ಹೆಸರಿನಲ್ಲಿ ಬಿಟ್ಟುಕೊಟ್ಟ ಗದ್ದೆ, ಭೂಮಿಯ ವಿವರ ಇರುತ್ತದೆ. ಸಾವು ನಡೆದದ್ದು, ದಾನದ ಭೂಮಿ ಅಳತೆಗೆ ಸಿಗುವಂಥದು, ಅಪ್ಸರೆಯರು ಆ ಸಾವಿನ ಬೆಲೆಯೇನೆಂದು ಹೇಳುವವರು. ಮೂರೂ ಒಂದೇ ಕಲ್ಲಿನಲ್ಲಿದ್ದರೂ ನೋಡುವವರು ಯಾವುದನ್ನೂ ಯಾವುದಕ್ಕೂ ಬೆರೆಸುವುದಿಲ್ಲ, ಅಪ್ಸರೆಯರನ್ನು ಕೆತ್ತಿದ್ದರಿಂದ ವೀರ ಸತ್ತದ್ದೇ ಸುಳ್ಳೆಂದೂ ಹೇಳುವುದಿಲ್ಲ.

ಮತ್ತಾಯನ ವಚನಗಳನ್ನು ಹೀಗೆ ಓದಬಹುದೆಂಬುದು ಈ ಬರಹದ ನಿಲುವು, ಆದರೆ ಎರಡು ಎಚ್ಚರಿಕೆಗಳೊಂದಿಗೆ. ಮೊದಲನೆಯದು, ವೀರಗಲ್ಲಿನಲ್ಲಿ ಪಟ್ಟಿಕೆಗಳ ನಡುವೆ ಗೆರೆಯಿದೆ. ಮತ್ತಾಯನಲ್ಲಿ ತೆರೆ, ಕಂಪನ, ಬಂಡೆ, ಸಮಾಧಿಗಳು ಒಂದರ ಹಿಂದೊಂದು ಒಂದೇ ಉಸಿರಿನಲ್ಲಿ ಬರುವುದರಿಂದ, ಎಲ್ಲಿಂದ ಮೇಲಿನ ಪಟ್ಟಿಕೆ ಶುರುವಾಯಿತೆಂದು ಯಾರೂ ಹಟದಿಂದ ಹೇಳಲಾಗದು, ಭಕ್ತರು ನಿಜವಾಗಿಯೇ ಎದ್ದರೆಂದು ನಂಬುವವರನ್ನು ಅಜ್ಞಾನಿಗಳೆನ್ನುವುದೂ ಸರಿಯಲ್ಲ. ಎರಡನೆಯದು, ಹೇಳುವ ಸಂಗತಿಯೇ ಬೇರೆ. ವೀರಗಲ್ಲಿನಲ್ಲಿ ಸತ್ತವನೊಬ್ಬನೇ ತನ್ನ ಶೌರ್ಯದ ಫಲವಾಗಿ ಭೂಮಿಯನ್ನು ಬಿಟ್ಟು ಮೇಲಕ್ಕೆ ಹೋಗುತ್ತಾನೆ. ಮತ್ತಾಯನಲ್ಲಿ ಒಬ್ಬನ ಸಾವಿನಿಂದ ಬೇರೆ ಅನೇಕರು, ದೇಹಸಮೇತ, ಇದೇ ಭೂಮಿಯ ಪಟ್ಟಣಕ್ಕೆ ಮರಳುತ್ತಾರೆ. ಯೆಹೂದ್ಯರ ಮತ್ತು ಕ್ರೈಸ್ತರ ಪುನರುತ್ಥಾನದ ನಂಬಿಕೆ ಆತ್ಮದ ಮುಕ್ತಿಗೆ ನಿಲ್ಲದೆ ದೇಹವನ್ನೂ ನಾಡನ್ನೂ ಬಿಡದೆ ಕೇಳುತ್ತದೆ, ಮತ್ತು ಅದರ ಈ ಹಟವನ್ನು ಮೂರೇ ವಚನಗಳಲ್ಲಿ ಇಷ್ಟು ಗಟ್ಟಿಯಾಗಿ ಹೇಳಿದ ಭಾಗ ಸುವಾರ್ತೆಗಳಲ್ಲಿ ಮತ್ತೊಂದಿಲ್ಲ. ನವೆಂಬರ್ 2ರ ಮೃತರ ಸ್ಮರಣೆಯ ದಿನ ಕಥೋಲಿಕರು ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುವುದರ ಹಿಂದೆ ಇರುವುದೂ ಸತ್ತವರು ದೇಹಸಮೇತ ಏಳುವರೆಂಬ ಇದೇ ನಂಬಿಕೆ.

ಯೇಸುವಿನ ಪುನರುತ್ಥಾನದ ವಿಷಯದಲ್ಲಿ ಮೇಲೆ ಹೇಳಿದ ಭಯಕ್ಕೆ ಆಧಾರ ಕಡಿಮೆ. ಯೇಸು ಎದ್ದದ್ದನ್ನು ನಾಲ್ಕೂ ಸುವಾರ್ತೆಗಳು ಹೇಳುತ್ತವೆ, ಅವುಗಳಿಗೂ ಮೊದಲೇ ಕ್ರಿ.ಶ. 50ರ ದಶಕದಲ್ಲಿ ಬರೆದ ಪೌಲನು ಕಂಡವರ ಹೆಸರುಗಳ ಸಹಿತ ಹೇಳುತ್ತಾನೆ. ಸಮಾಧಿಗಳು ತೆರೆದ ಸಂಗತಿಗೆ ಅಂಥ ಬೆಂಬಲವಿಲ್ಲ, ಮತ್ತಾಯನೂ ಅದನ್ನು ಸಾಕ್ಷಿಗಳನ್ನು ನಿಲ್ಲಿಸಿ ಸಾಧಿಸಲು ಹೊರಟಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬರೆದವನ ಉದ್ದೇಶವನ್ನು ಕಡೆಗಣಿಸಿದಂತೆ. ಈ ಭಾಗವನ್ನು ಸಭೆಯಲ್ಲಿ ಓದುವವರೂ ಮನೆಯಲ್ಲಿ ಓದುವವರೂ ಅದಕ್ಕೆ ಮೊದಲು ಯೆಹೆಜ್ಕೇಲನ 37ನೇ ಅಧ್ಯಾಯವನ್ನೂ ಮತ್ತಾಯನ 23ನೇ ಅಧ್ಯಾಯದ ಕೊನೆಯ ಭಾಗವನ್ನೂ ಒಮ್ಮೆ ಓದಿಕೊಳ್ಳಬೇಕು. ಹೆಚ್ಚೆಂದರೆ ಕಾಲು ಗಂಟೆಯ ಕೆಲಸ ಅದು.